ವಾರಕ್ಕೊಂದು ತಪ್ಪಿನ ಟಿಲ್ಲರ್

ಕೋಟದಲ್ಲಿ ಬಸ್ಸಿಗೆ ಕಾಯುತ್ತ ನಿಂತು, ಬಂದ ಬಸ್ಸನ್ನೇ ಬಿಟ್ಟುಬಿಡುವ ಕೆಟ್ಟ ಅಭ್ಯಾಸವೊಂದು ನನಗೆ ಇತ್ತೀಚೆಗೆ ಅಂಟಿಕೊಂಡಿದೆ. ಮೊನ್ನೆಯೂ ಹಾಗೇ ಆಯಿತು. ಕಟಾವಿನ ಯಂತ್ರವೊಂದನ್ನು ಹೇರಿಕೊಂಡ ಲಾರಿ ಹೆದ್ದಾರಿಯಲ್ಲಿ ಬೈಂದೂರಿನ ಕಡೆ ಹೋಗುತ್ತಿತ್ತು. ಅದರ ಮುಂಭಾಗದ ಹಲ್ಲುಗಳು ಕಣ್ಣಿಗೆ ಬಿದ್ದದ್ದೇ ತಡ, ನನ್ನ ಬೆರಳುಗಳು ಲೆಕ್ಕ ಹಾಕತೊಡಗಿದವು. ಎರಡು ಗುಬ್ಬಿಯ ಚಪ್ಪಟೆ ತುಂಡು ಹದಿನಾರು ಬೇಕು, ಅಡ್ಡಕ್ಕೆ ಉದ್ದದ ಪಟ್ಟಿ ಒಂದು, ಚಾಲಕನ ಗೂಡಿಗೆ ಪಾರದರ್ಶಕದ್ದು ನಾಲ್ಕು. “ಹ್ವಾಯ್, ಬತ್ರಿಯಾ ಇಲ್ಯಾ?” ಎಂದು ಕಂಡಕ್ಟರ್ ಕೂಗಿದ್ದು ಕೇಳಿಸಿತು. ಕೇಳಿಸಿತು ಅಷ್ಟೆ, ಕಾಲು ಏಳಲಿಲ್ಲ. ಬಸ್ಸು ಹೋಯಿತು.

ನಾನು ಹೇಳುತ್ತಿರುವುದು ಆಟದ ಇಟ್ಟಿಗೆಗಳ ವಿಷಯ. ಒಂದರ ತಲೆಯ ಮೇಲಿನ ಗುಂಡಿಯಂಥ ಗುಬ್ಬಿಗೆ ಇನ್ನೊಂದರ ಹೊಟ್ಟೆ ಕಚ್ಚಿಕೊಳ್ಳುವ ಪ್ಲಾಸ್ಟಿಕ್ ತುಂಡುಗಳು. ಮಕ್ಕಳು ಅದನ್ನು ಬ್ಲಾಕ್ಸ್ ಎನ್ನುತ್ತಾರೆ. ನನಗೆ ಅರವತ್ತೊಂದು ವರ್ಷ. ಮೊಮ್ಮಕ್ಕಳಿಲ್ಲ. ಮೂವತ್ತೇಳು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತನಾದ ಮನುಷ್ಯ ಮನೆಯ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಪ್ಲಾಸ್ಟಿಕ್ ಟ್ರ್ಯಾಕ್ಟರ್ ಕಟ್ಟುತ್ತಾ ಕೂರುತ್ತಾನೆ ಎಂದರೆ ನೀವು ನಗುತ್ತೀರಿ. ನಗಿ, ಬೇಸರವಿಲ್ಲ. ನನ್ನ ಹೆಂಡತಿ ನಕ್ಕು ನಕ್ಕು ಈಗ ಸುಸ್ತಾಗಿದ್ದಾಳೆ.

ಮಗಳು ಸಣ್ಣವಳಿದ್ದಾಗ ಮುಂಬೈಯಲ್ಲಿ ಹೋಟೆಲು ನಡೆಸುವ ನನ್ನ ಹೆಂಡತಿಯ ತಮ್ಮ ಒಂದು ದೊಡ್ಡ ಡಬ್ಬಿ ತುಂಬ ಈ ಇಟ್ಟಿಗೆ ತಂದುಕೊಟ್ಟಿದ್ದ. ಮಗಳು ಬೆಳೆದು ಮದುವೆಯಾಗಿ ಹೋದಳು, ಡಬ್ಬಿ ಅಟ್ಟದಲ್ಲಿ ಉಳಿಯಿತು. ನಿವೃತ್ತಿಯಾದ ಮೊದಲ ತಿಂಗಳು ಕೈ ಖಾಲಿಯಾಗಿ ಏನು ಮಾಡಬೇಕೆಂದು ತೋಚದೆ ನಾನು ಅದನ್ನು ಇಳಿಸಿ ವಿಂಗಡಿಸಿದೆ. ನಾಲ್ಕು ಗುಬ್ಬಿಯವು ಒಂದು ಡಬ್ಬಿಗೆ, ಎಂಟು ಗುಬ್ಬಿಯವು ಇನ್ನೊಂದಕ್ಕೆ, ಚಕ್ರಗಳು ಉಪ್ಪಿನಕಾಯಿಯ ಹಳೇ ಜಾಡಿಗೆ. ವಿಂಗಡಿಸಿದ ಮೇಲೆ ಸುಮ್ಮನಿರುವುದು ಹೇಗೆ? ಒಂದು ಟ್ರ್ಯಾಕ್ಟರ್ ಕಟ್ಟಿದೆ. ಅದನ್ನು ಬಾರ್ಕೂರಿನಲ್ಲಿ ಅಕ್ಕನ ಪಕ್ಕದ ಮನೆಯ ಮಗುವಿಗೆ ಕೊಡೋಣವೆಂದು ಚೀಲದಲ್ಲಿ ಹಾಕಿಕೊಂಡು ಹೋದೆ. ಮಗುವಿಗೆ ಅದು ಸಿಗಲೇ ಇಲ್ಲ.

ಅಕ್ಕನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಹೆಸರು ಗಿರಿಜೆ. ನಮ್ಮದು ಬಿಜೂರು. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಅಪ್ಪ ಗದ್ದೆ ಹೂಡಲು ಮನೆಗೆ ಟಿಲ್ಲರ್ ತಂದರು. ತಂದರೇನೋ ಸರಿ, ಅಪ್ಪನಿಗೆ ಅದನ್ನು ಕಂಡರೆ ಭಯ. ಕೋಣಗಳಾದರೆ ಹೇಳಿದ ಮಾತು ಕೇಳುತ್ತವೆ, ಇದಕ್ಕೆ ಕಿವಿಯೇ ಇಲ್ಲ ಎನ್ನುತ್ತಿದ್ದರು. ಕಂಪನಿಯ ಕಡೆಯಿಂದ ಬಂದವನೊಬ್ಬ ಎರಡು ದಿನ ಇದ್ದು ಅಪ್ಪನಿಗೆ ಕಲಿಸಿದ. ಅಪ್ಪ ಕಲಿಯಲಿಲ್ಲ. ಅವನಿಗೆ ಚಹಾ ತಂದುಕೊಡುತ್ತಿದ್ದ ಅಕ್ಕ ಕಲಿತಳು. ಮೂರನೇ ದಿನ ಬೆಳಿಗ್ಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುವಿದಳು. ಅಪ್ಪ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತುಕೊಂಡರು. “ಹೆಣ್ ಹೆಂಗ್ಸ್ ಟಿಲ್ಲರ್ ಹೊಡುದಾ?” ಎಂದು ಆಚೆಮನೆಯವರು ಕೇಳಿದ್ದಕ್ಕೆ ಅಕ್ಕ, “ಟಿಲ್ಲರಿಗೆ ಗೊತ್ತಿಲ್ಲೆ ನಾನ್ ಹೆಣ್ಣ್ ಅಂದೇಳಿ, ನೀವ್ ಹೇಳ್ಬೇಡಿ” ಎಂದಳಂತೆ. ಮರುವರ್ಷ ಅದೇ ಆಚೆಮನೆಯವರು ಅವರ ಗದ್ದೆಗೂ ಬರಬೇಕೆಂದು ನಮ್ಮ ಜಗಲಿಯಲ್ಲಿ ಕೂತು ಕಾಯುತ್ತಿದ್ದರು.

ನನಗೂ ಆಸೆಯಿತ್ತು. ಅಕ್ಕ ಮುಟ್ಟಲು ಬಿಡುತ್ತಿರಲಿಲ್ಲ. ಒಂದು ದಿನ ಅವಳು ಊಟಕ್ಕೆ ಹೋದಾಗ ನಾನೇ ಗದ್ದೆಗೆ ಇಳಿಸಿಬಿಡೋಣವೆಂದು ಹೊರಟೆ. ಟಿಲ್ಲರಿಗೆ ಸ್ಟಿಯರಿಂಗ್ ಇಲ್ಲ, ಎರಡು ಹಿಡಿಗಳ ಕೆಳಗೆ ಒಂದೊಂದು ಲಿವರ್ ಇರುತ್ತದೆ. ಎಡಗಡೆಯದನ್ನು ಒತ್ತಿದರೆ ಎಡಚಕ್ರ ನಿಂತು ಯಂತ್ರ ಎಡಕ್ಕೆ ತಿರುಗುತ್ತದೆ. ನೋಡಿ ನೋಡಿ ಅಷ್ಟು ನಾನೂ ಕಲಿತಿದ್ದೆ. ನಮ್ಮ ಮನೆಯಿಂದ ಗದ್ದೆಗೆ ಇಳಿಜಾರು. ಬಲಗಡೆ ನೀರು ಹರಿಯುವ ತೋಡು. ನಾನು ಜಾಣತನದಿಂದ ಎಡಗಡೆ ಒತ್ತಿದೆ. ಯಂತ್ರ ನೇರ ಬಲಕ್ಕೆ ತಿರುಗಿ ತೋಡಿಗೆ ಇಳಿಯಿತು, ಹಿಡಿ ಬಿಡದ ನಾನೂ ಇಳಿದೆ. ಇಳಿಜಾರಿನಲ್ಲಿ ಎಂಜಿನ್ನು ಚಕ್ರವನ್ನು ತಳ್ಳುವುದಿಲ್ಲ, ತಡೆದು ಹಿಡಿಯುತ್ತದೆ. ಲಿವರ್ ಒತ್ತಿದ ಬದಿಯ ಚಕ್ರ ಆ ಹಿಡಿತ ತಪ್ಪಿ ಜೋರಾಗಿ ಉರುಳುತ್ತದೆ. ಹಾಗಾಗಿ ಇಳಿಯುವಾಗ ಎಲ್ಲವೂ ತಿರುಗುಮುರುಗು. ಅಕ್ಕ ಕೈ ತೊಳೆಯದೆ ಓಡಿಬಂದಳು. ನನಗೆ ಪೆಟ್ಟಾಗಿದೆಯೇ ಎಂದು ಒಮ್ಮೆ ನೋಡಿದಳು, ಟಿಲ್ಲರಿಗೆ ಆಗಿದೆಯೇ ಎಂದು ಎರಡು ಸಲ ನೋಡಿದಳು. ಆಮೇಲೆ, “ಇಳು ಜಾಗದಲ್ ಎಡ ಒತ್ತಿರೆ ಬಲಕ್ಕ್ ಹೋತ್ತ್. ನಿಮ್ ಶಾಲಿ ಪುಸ್ತಕದಲ್ ಇಲ್ಯಾ ಅದ್?” ಎಂದಳು. ಶಾಲೆಯ ಪುಸ್ತಕದಲ್ಲಿ ನಿಜವಾಗಿಯೂ ಇರಲಿಲ್ಲ.

ಮದುವೆಯಾಗಿ ಅಕ್ಕ ಬಾರ್ಕೂರಿಗೆ ಹೋದಳು. ಭಾವ ಅಲ್ಲಿಯ ಪೇಟೆಯಲ್ಲಿ ಟೈಲರ್. ಬಹಳ ಮೆತ್ತಗಿನ ಮನುಷ್ಯ. ಹೊಲಿಗೆ ಯಂತ್ರ ಬಿಟ್ಟರೆ ಇನ್ನೊಂದು ಯಂತ್ರ ಮುಟ್ಟಿದವರಲ್ಲ. ಅವರ ಗದ್ದೆಯ ಕೆಲಸ ಪೂರ್ತಿ ಅಕ್ಕನ ಕೈಗೆ ಬಂತು, ಎರಡನೇ ಮಳೆಗಾಲಕ್ಕೆ ಟಿಲ್ಲರೂ ಬಂತು. ಸೀರೆಯ ಮೇಲೆ ಭಾವನ ಹಳೆಯ ಅಂಗಿ ತೊಟ್ಟು, ಮೊಣಕಾಲುದ್ದ ಕೆಸರಿನಲ್ಲಿ ಟಿಲ್ಲರಿನ ಹಿಂದೆ ನಡೆಯುವ ಅಕ್ಕನನ್ನು ನೋಡದವರು ಆ ಬದಿಯಲ್ಲಿ ಯಾರೂ ಇರಲಿಲ್ಲ. ಅವಳ ಅಂಗಿಗೆಂದು ಭಾವ ಬೇರೆಯೇ ದೊಡ್ಡ ಜೇಬು ಹೊಲಿದುಕೊಟ್ಟಿದ್ದರು, ಸ್ಪ್ಯಾನರ್ ಇಡಲಿಕ್ಕೆ. ಸುಮಾರು ನಲವತ್ತು ಮಳೆಗಾಲ ಹಾಗೆ ನಡೆದಳು. ಮಕ್ಕಳಾಗಲಿಲ್ಲ. ಆ ವಿಷಯ ಅವಳು ಯಾರೊಡನೆಯೂ ಮಾತಾಡಲಿಲ್ಲ, ನಾವು ಕೇಳಲಿಲ್ಲ.

ಆಮೇಲೆ ಮರೆವು ಶುರುವಾಯಿತು. ಮೊದಮೊದಲು ಎಲ್ಲರಿಗೂ ಆಗುವ ಥರದ್ದು. ಒಲೆಯ ಮೇಲೆ ಹಾಲಿಟ್ಟು ಮರೆಯುವುದು, ಹೇಳಿದ್ದನ್ನೇ ಹೇಳುವುದು. ಒಂದು ಮಳೆಗಾಲ ಬೇರೆಯವರ ಗದ್ದೆಗೆ ಇಳಿದು ಅರ್ಧ ಹೂಡಿ ಮುಗಿಸಿದಳು. ಆ ವರ್ಷವೇ ಭಾವ ಟಿಲ್ಲರನ್ನು ಬೇರೆಯವರಿಗೆ ದಾಟಿಸಿದರು. ಡಾಕ್ಟರು ಪರೀಕ್ಷೆ ಮಾಡಿ, ಇದು ಗುಣವಾಗುವ ಕಾಯಿಲೆಯಲ್ಲ, ಕೈಗೆ ಬೆರಳಿಗೆ ಏನಾದರೂ ಕೆಲಸ ಕೊಡುತ್ತಿರಿ ಎಂದರು. ಭಾವ ಬಣ್ಣದ ಮಣಿ ಮತ್ತು ದಾರ ತಂದುಕೊಟ್ಟರು. ಅಕ್ಕ ಅದನ್ನು ಕೋಳಿಗೆ ಹಾಕಿದಳು.

ನಾನು ಟ್ರ್ಯಾಕ್ಟರ್ ಹಿಡಿದುಕೊಂಡು ಹೋದ ಭಾನುವಾರ ಅಕ್ಕ ನನ್ನನ್ನು ಅಪ್ಪ ಎಂದು ಕರೆದಳು. ನಾನು ತಿದ್ದಲಿಲ್ಲ. ತಿದ್ದಿದರೆ ಅವಳಿಗೆ ಗಾಬರಿಯಾಗುತ್ತದೆ ಎಂದು ಭಾವ ಹೇಳಿದ್ದರು. ಚೀಲದಿಂದ ಕೊಡೆ ತೆಗೆಯುವಾಗ ಟ್ರ್ಯಾಕ್ಟರ್ ಹೊರಗೆ ಬಂತು. ಅಕ್ಕ ಅದನ್ನು ಎತ್ತಿಕೊಂಡಳು. ತಿರುಗಿಸಿ ಅಡಿ ನೋಡಿದಳು. ಹುಬ್ಬು ಗಂಟಿಕ್ಕಿತು.

“ಎಂತದಿದ್? ಈ ರಬ್ಬರ್ ಗಾಲಿಯಲ್ ಗೆದ್ದಿಗ್ ಇಳಿದ್ರೆ ಹೂತೇ ಹೋತ್ತ್. ಕಬ್ಬಿಣದ್ ಗಾಲಿ ಎಲ್ಲಿತ್ತ್?”

ನಾನು ಭಾವನ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು.

“ನಿಂಗ್ ಬುದ್ಧಿ ಬಪ್ಪುದ್ ಯಾವಾಗ ಮಾಣಿ?” ಎಂದಳು ಅಕ್ಕ. ಮಾಣಿ ಎಂದರೆ ಹುಡುಗ. ಅರವತ್ತು ದಾಟಿದ ನನ್ನನ್ನು ಹಾಗೆ ಕರೆಯುವವಳು ಭೂಮಿಯ ಮೇಲೆ ಅವಳೊಬ್ಬಳೇ. ನನಗೆ ಅಳು ಬಂತು, ಕೊಡೆ ಒಣಗಿಸಲು ಇಡುವ ನೆಪ ಮಾಡಿ ಹೊರಗೆ ಹೋದೆ.

ಅಲ್ಲಿಂದ ಶುರುವಾಯಿತು ನನ್ನ ಹೊಸ ಉದ್ಯೋಗ. ಕಬ್ಬಿಣದ ಗಾಲಿ ಎಂದರೆ ಕೆಸರುಗದ್ದೆಗೆ ಹಾಕುವ ಪಂಜರದಂಥ ಚಕ್ರ. ಅಂಥ ಚಕ್ರ ಯಾವ ಆಟಿಕೆಯ ಪೆಟ್ಟಿಗೆಯಲ್ಲೂ ಬರುವುದಿಲ್ಲ. ಈ ಆಟಿಕೆ ಮಾಡುವ ದೇಶಗಳಲ್ಲಿ ಕೆಸರುಗದ್ದೆ ಇಲ್ಲವೇನೋ. ಕುಂದಾಪುರದ ಅಂಗಡಿಗೆ ಹೋಗಿ ಬುಲ್ಡೋಜರಿನ ಸೆಟ್ ತಂದು, ಅದರ ಸರಪಳಿಯ ತುಂಡುಗಳನ್ನು ದುಂಡಗೆ ಕೂಡಿಸಿ ಎರಡು ಗಾಲಿ ಮಾಡಿದೆ. ಅಂಗಡಿಯವ, “ಮೊಮ್ಮಗನಿಗಾ? ಎಷ್ಟ್ ವರ್ಷ?” ಎಂದು ಕೇಳಿದ. ಅರವತ್ತೆಂಟು ಎಂದು ಬಾಯಿಗೆ ಬಂದಿತ್ತು, ಎಂಟು ಎಂದೆ. ಟ್ರ್ಯಾಕ್ಟರ್ ಬಿಟ್ಟು ಟಿಲ್ಲರಿಗೇ ಕೈ ಹಾಕಿದೆ. ಕೆಂಪು ತುಂಡುಗಳು ಸಾಲದೆ ಮಗಳ ಗುಲಾಬಿ ತುಂಡುಗಳನ್ನು ಸೇರಿಸಿ ಎಂಜಿನ್ನಿನ ಮುಚ್ಚಳ ಮಾಡಿದೆ. ಮುಂದಿನ ಭಾನುವಾರ ಅಕ್ಕ ಅದನ್ನು ನೋಡಿ, “ಟಿಲ್ಲರಿಗ್ ಗುಲಾಬಿ ಬಣ್ಣ! ಇದೆಂತ ಮದ್ಮಗಳಾ?” ಎಂದಳು. ಹೊಗೆಯ ಕೊಳವೆ ಹಿಂದಕ್ಕೆ ಬಾಗಿಸಿದ್ದೆ, ಹೊಡೆಯುವವನ ಮೂಗಿಗೆ ಹೊಗೆ ಕುಡಿಸುತ್ತೀಯಾ ಎಂದು ಬೈದಳು. ಹಿಂದೆ ಮಣ್ಣು ಪುಡಿ ಮಾಡುವ ಕತ್ತಿಗಳನ್ನು ಎಲ್ಲ ಒಂದೇ ಕಡೆಗೆ ಬಾಗಿಸಿದ್ದೆ, ಅದಕ್ಕೂ ಬೈಸಿಕೊಂಡೆ. ಬೈಯುವಷ್ಟು ಹೊತ್ತು ಅವಳು ನಮ್ಮ ಹಳೆಯ ಅಕ್ಕನೇ. ಬೈದು ಮುಗಿದ ಮೇಲೂ ಕಾಲು ಗಂಟೆ, ಅರ್ಧ ಗಂಟೆ ನಮ್ಮ ಜೊತೆ ಇರುತ್ತಿದ್ದಳು. ನಾನು ಯಾರು, ಅಪ್ಪ ಯಾವಾಗ ಹೋದರು, ಭಾವನ ಚಹಾಕ್ಕೆ ಸಕ್ಕರೆ ಎಷ್ಟು, ಎಲ್ಲವೂ ಅವಳಿಗೆ ಆಗ ಗೊತ್ತಿರುತ್ತಿತ್ತು.

ಎರಡು ತಿಂಗಳಲ್ಲಿ ಒಂದು ತೊಂದರೆಯಾಯಿತು. ಅವಳು ಬೈದು ಬೈದು ನಾನು ತಿದ್ದಿ ತಿದ್ದಿ, ಟಿಲ್ಲರ್ ಸರಿಯಾಗಿಬಿಟ್ಟಿತು. ಆ ಭಾನುವಾರ ಅಕ್ಕ ಅದನ್ನು ತಿರುಗಿಸಿ ನೋಡಿ, ಕೆಳಗಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ವಿಷಯ ಹೊಳೆಯಿತು. ಸರಿಯಾದ ಟಿಲ್ಲರ್ ಅಕ್ಕನಿಗೆ ಬೇಡ.

ಆಮೇಲೆ ಬೇಕೆಂದೇ ತಪ್ಪು ಮಾಡತೊಡಗಿದೆ. ವಾರಕ್ಕೊಂದು. ಒಂದು ಕಾಗದ ಕೂಡ ಬೇರೆ ಊರಿಗೆ ಹೋಗಬಾರದೆಂದು ಮೂವತ್ತೇಳು ವರ್ಷ ಎಚ್ಚರದಿಂದ ದುಡಿದವನು, ಈಗ ಸೋಮವಾರದಿಂದ ಶನಿವಾರದವರೆಗೆ ಒಂದು ಒಳ್ಳೆಯ ತಪ್ಪಿಗಾಗಿ ತಲೆಕೆರೆದುಕೊಳ್ಳುತ್ತಿದ್ದೆ. ಸುಲಭವಲ್ಲ ಅದು. ತೀರ ದೊಡ್ಡ ತಪ್ಪಾದರೆ ತನ್ನನ್ನು ಆಟ ಆಡಿಸುತ್ತಿದ್ದಾನೆಂದು ಅವಳಿಗೆ ಸಿಟ್ಟು ಬರುತ್ತದೆ. ತೀರ ಸಣ್ಣದಾದರೆ ಕಣ್ಣಿಗೆ ಬೀಳುವುದಿಲ್ಲ. ಗಾಲಿಗಳನ್ನು ಎಡಬಲ ಅದಲುಬದಲು ಮಾಡುವುದು, ಬೆಲ್ಟನ್ನು ಆಚೆ ಬದಿಗೆ ಹಾಕುವುದು, ಗೇರಿನ ಕೋಲು ಮರೆಯುವುದು, ಹೀಗೆ. ಭಾವನಿಗೆ ನನ್ನ ಗುಟ್ಟು ಮೂರನೇ ವಾರವೇ ಗೊತ್ತಾಯಿತು. ಗೇಟಿನ ಹತ್ತಿರವೇ ಬಂದು ಪಿಸುಗುಟ್ಟುವರು, “ಈ ವಾರದ್ ತಪ್ಪ್ ಎಂತ?” ನಾನು ಹೇಳುತ್ತಿರಲಿಲ್ಲ. ಅವರೂ ಟಿಲ್ಲರನ್ನು ಹಿಂದೆ ಮುಂದೆ ನೋಡಿ ಹುಡುಕುವರು, ಒಮ್ಮೆಯೂ ಸಿಗಲಿಲ್ಲ. ಅಕ್ಕನಿಗೆ ಕೈಗೆ ತೆಗೆದುಕೊಳ್ಳುವ ಮೊದಲೇ ಕಾಣುತ್ತಿತ್ತು.

ಒಂದು ಭಾನುವಾರ ಅವಳು ಹಲಗೆಯ ಮಣೆಯನ್ನು ಓರೆಯಾಗಿ ಇರಿಸಿ, ಟಿಲ್ಲರನ್ನು ಅದರ ತಲೆಯ ಮೇಲಿಟ್ಟು ನನ್ನನ್ನು ಕೇಳಿದಳು. “ಈಗ ಎಡ ಒತ್ತಿರೆ ಎತ್ಲಾಯಿ ಹೋತ್ತ್, ಹೇಳ್ ಕಾಂಬ?”

ನನಗೆ ಉತ್ತರ ಚೆನ್ನಾಗಿ ಗೊತ್ತು. ತೋಡಿಗೆ ಬಿದ್ದು ಕಲಿತದ್ದು ಮರೆಯುವುದುಂಟೇ? “ಎಡಕ್ಕೆ” ಎಂದೆ.

ತಲೆಗೊಂದು ಮೊಟಕಿದಳು. “ನಿಂಗ್ ಈ ಜನ್ಮದಲ್ ಬಪ್ಪುದಲ್ಲ.” ಭಾವ ಬಾಗಿಲಲ್ಲಿ ನಿಂತು ನಗುತ್ತಿದ್ದರು. ಆ ದಿನದಷ್ಟು ಸಂತೋಷ ನನಗೆ ಕೆಲಸ ಸಿಕ್ಕಿದ ದಿನವೂ ಆಗಿರಲಿಲ್ಲ.

ಹೊಸ್ತಿನ ದಿನವೂ ಹೋಗಿದ್ದೆ. ನಮ್ಮಲ್ಲಿ ಹೊಸ ಪೈರಿನ ಕದಿರನ್ನು ಮನೆಗೆ ತಂದು, ಮಾವಿನೆಲೆ ಹಲಸಿನೆಲೆಗಳ ಜೊತೆ ನಾರಿನಿಂದ ಬಾಗಿಲಿಗೆ, ಕಣಜಕ್ಕೆ, ಬಾವಿಕಟ್ಟೆಗೆ, ನೇಗಿಲಿಗೆ ಎಲ್ಲ ಕಟ್ಟುತ್ತೇವೆ. ಅಕ್ಕ ಮೊದಲಿನಿಂದಲೂ ಟಿಲ್ಲರಿಗೆ ಕಟ್ಟಿದ ಮೇಲೆಯೇ ಹೆಬ್ಬಾಗಿಲಿಗೆ ಕಟ್ಟುವವಳು. ಆ ವರ್ಷ ಭಾವ ಕದಿರನ್ನು ಅವಳ ಕೈಯಲ್ಲಿಟ್ಟರು. ಅಂಗಳದ ಮೂಲೆಯಲ್ಲಿ ಟಿಲ್ಲರ್ ನಿಲ್ಲುತ್ತಿದ್ದ ಖಾಲಿ ಜಾಗಕ್ಕೆ ಹೋಗಿ ಅವಳು ಸುಮ್ಮನೆ ನಿಂತುಬಿಟ್ಟಳು. ನಾನು ನನ್ನ ಪ್ಲಾಸ್ಟಿಕ್ ಟಿಲ್ಲರನ್ನು ತಂದು ಅಲ್ಲಿಟ್ಟೆ. ಅವಳು ಕೂತು, ಒಂದೇ ಒಂದು ಕದಿರನ್ನು ಆರಿಸಿ, ಎಲೆಯನ್ನು ಸಣ್ಣದಾಗಿ ಹರಿದು, ಅಷ್ಟು ಚಿಕ್ಕ ಎಂಜಿನ್ನಿಗೆ ಅಚ್ಚುಕಟ್ಟಾಗಿ ಕಟ್ಟಿದಳು. ಗಂಟು ಒಂದು ಸಲಕ್ಕೇ ಬಿತ್ತು. ಅದೇ ಬೆಳಿಗ್ಗೆ ಅವಳಿಗೆ ತನ್ನ ರವಿಕೆಯ ಗುಂಡಿ ಹಾಕಿಕೊಳ್ಳಲು ಬಂದಿರಲಿಲ್ಲ ಎಂದು ಭಾವ ಆಮೇಲೆ ಹೇಳಿದರು.

ಹೀಗೇ ಇರುತ್ತದೆ ಎಂದು ನಾನು ನಂಬಿದ್ದೆ. ತಪ್ಪುಗಳು ನನ್ನಲ್ಲಿ ಬೇಕಾದಷ್ಟಿದ್ದವು. ವರ್ಷಗಟ್ಟಲೆ ಒದಗಿಸಬಲ್ಲೆ ಎಂಬ ಜಂಬವೂ ಇತ್ತು.

ಈ ವರ್ಷದ ಮಳೆಗಾಲದ ಕೊನೆಯಲ್ಲಿ ಒಂದು ಭಾನುವಾರ ಬೆಲ್ಟ್ ಆಚೆ ಬದಿಗೆ ಹಾಕಿದ್ದು ಅವಳಿಗೆ ಕಾಣಲಿಲ್ಲ. ಕಣ್ಣು ಮಂಜಾಗಿರಬೇಕು ಎಂದುಕೊಂಡೆವು. ಮುಂದಿನ ವಾರ ಒಂದು ಗಾಲಿ ಸಣ್ಣದು, ಒಂದು ದೊಡ್ಡದು ಹಾಕಿದೆ. ಬಹಳ ಹೊತ್ತು ನೋಡಿ, “ಕುಂಟತ್ತ್” ಎಂದಳು. ಅಷ್ಟೆ, ಬೈಗಳಿಲ್ಲ. ನಾನು ಭಯದಿಂದ ತಪ್ಪುಗಳನ್ನು ದೊಡ್ಡದು ಮಾಡುತ್ತ ಹೋದೆ. ಎಂಜಿನ್ನನ್ನು ಹಿಂದೆ ಮುಂದೆ ಮಾಡಿದೆ. ಟಿಲ್ಲರ್ ಸರಿಯಾಗಿದ್ದಾಗ ಗೋಡೆಯ ಕಡೆ ತಿರುಗಿ ಮಲಗಿದ್ದ ಅಕ್ಕ, ಈಗ ಅದನ್ನು ಮಡಿಲಲ್ಲಿಟ್ಟುಕೊಂಡು ಗಾಲಿಯನ್ನು ಬೆರಳಿನಿಂದ ತಿರುಗಿಸುತ್ತ ಕೂರುತ್ತಿದ್ದಳು. ಭಾವ ಗೇಟಿನ ಹತ್ತಿರ ಬಂದು ಕೇಳುವುದನ್ನು ನಿಲ್ಲಿಸಿದರು. ಈಗಿನ ತಪ್ಪುಗಳು ಅವರಿಗೂ ದೂರದಿಂದಲೇ ಕಾಣುತ್ತಿದ್ದವು.

ಹೋದ ಭಾನುವಾರ ನಾನು ಹಿಡಿಯೇ ಇಲ್ಲದ ಟಿಲ್ಲರ್ ಕಟ್ಟಿಕೊಂಡು ಹೋದೆ. ಹಿಂದೆ ಏನೂ ಇಲ್ಲ, ಬೋಳು. ಅದನ್ನು ಯಾವ ಮನುಷ್ಯನೂ ನಡೆಸಲಾರ. ಜಗಲಿಯಲ್ಲಿ ಬಿಸಿಲು ಬಿದ್ದಿತ್ತು, ಭಾವ ಅಕ್ಕನ ತಲೆ ಬಾಚಿ ಜಡೆ ಹಾಕುತ್ತಿದ್ದರು. ನನ್ನ ಕೈಯಲ್ಲಿದ್ದುದನ್ನು ನೋಡಿ ಅವರ ಬಾಚಣಿಗೆ ನಿಂತಿತು. ಅಕ್ಕ ಎರಡೂ ಕೈಯಲ್ಲಿ ಟಿಲ್ಲರ್ ತೆಗೆದುಕೊಂಡಳು, ಎಂಜಿನ್ನು ನೋಡಿದಳು, ಗಾಲಿ ನೋಡಿದಳು, ತಿರುಗಿಸಿ ಹಿಂದೆ ನೋಡಿದಳು. ಬೈ ಅಕ್ಕ, ಒಂದು ಸಲ ಬೈ ಎಂದು ಮನಸ್ಸಿನಲ್ಲೇ ಬೇಡುತ್ತಿದ್ದೆ.

“ಲಾಯ್ಕ್ ಇತ್ತ್” ಎಂದಳು ಅಕ್ಕ. “ಭಾರಿ ಚಂದ ಮಾಡಿದ್ರಿ.”

ಭಾವ ಬಾಚಣಿಗೆಯನ್ನು ಅಲ್ಲೇ ಇಟ್ಟು ಒಳಗೆ ಹೋದರು. ಸುಮ್ಮನೆ ಕೂತಿದ್ದರೆ ಅತ್ತುಬಿಡುತ್ತಿದ್ದೆ. ಅದಕ್ಕೇ ಚೀಲದಿಂದ ಉದ್ದದ ಎರಡು ತುಂಡು ತೆಗೆದು, ಟಿಲ್ಲರಿಗೆ ಹಿಡಿ ಕೂರಿಸುತ್ತ, ಅವಳಿಗೇ ಹೇಳತೊಡಗಿದೆ. ಇದು ಹಿಡಿ. ಇದಿಲ್ಲದಿದ್ದರೆ ಟಿಲ್ಲರ್ ನಮ್ಮ ಮಾತು ಕೇಳುವುದಿಲ್ಲ. ಇದು ಗೇರು. ಇದು ಬೆಲ್ಟ್, ಇದು ಈ ಬದಿಗೇ ಇರಬೇಕು. ಇವು ಕಬ್ಬಿಣದ ಗಾಲಿ, ಕೆಸರಿಗೆ ಇವೇ ಆಗಬೇಕು, ರಬ್ಬರಿನದಾದರೆ ಹೂತುಹೋಗುತ್ತದೆ. ಅಕ್ಕ ಮುಂದಕ್ಕೆ ಬಾಗಿ, ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡುತ್ತ, ಹೂಂ ಹೂಂ ಎನ್ನುತ್ತ ಬಹಳ ಶ್ರದ್ಧೆಯಿಂದ ಕೇಳಿದಳು.

“ನಿಮ್ಗ್ ಇದೆಲ್ಲ ಯಾರ್ ಹೇಳ್ಕೊಟ್ಟದ್?” ಎಂದು ಕೇಳಿದಳು.

“ನನ್ ಅಕ್ಕ.”

“ಹೆಂಗ್ಸಾ? ಅವ್ರಿಗ್ ಇಷ್ಟೆಲ್ಲ ಗೊತ್ತಿತ್ತಾ?”

“ಅವ್ಳಷ್ಟ್ ಗೊತ್ತಿದ್ದವ್ರ್ ಈ ಬದಿಯಲ್ ಯಾರೂ ಇಲ್ಲೆ.”

ಅಕ್ಕನಿಗೆ ಆಶ್ಚರ್ಯವಾಯಿತು. ಟಿಲ್ಲರನ್ನು ನೋಡಿದಳು, ನನ್ನನ್ನು ನೋಡಿದಳು. ಅರ್ಧ ಹಾಕಿದ ಜಡೆ ಹೆಗಲ ಮೇಲೆ ಬಿಚ್ಚಿಕೊಳ್ಳುತ್ತಿತ್ತು.

“ಒಂದ್ಸಲ ಕರ್ಕಂಡ್ ಬನಿ ಅವ್ರನ್ನ” ಎಂದಳು. “ನಂಗ್ ಕಾಣ್ಕ್.”

“ಆಯ್ತ್” ಎಂದೆ. “ಕರ್ಕಂಡ್ ಬತ್ತೆ.”